ಚಿಗರಿ, ಹಂದಿ ಮತ್ತು ಗೃಹಸ್ಥನ ಅಹಿಂಸೆ

ಕಲಬುರಗಿ ಸೀಮೆಯ ಪತ್ರಿಕಾ ವರದಿಗಳಲ್ಲಿ ಮುಂಗಾರಿನಿಂದ ಸುಗ್ಗಿಯವರೆಗೆ ಒಂದು ವಾಕ್ಯ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ: ಕಾಡುಪ್ರಾಣಿಗಳು ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡಿವೆ. ಈ ವಾಕ್ಯದ ಎರಡು ಪದಗಳು ವಿಚಾರಾರ್ಹವಾಗಿವೆ. ಒಂದು ‘ಕಾಡು’, ಇನ್ನೊಂದು ‘ನುಗ್ಗಿ’. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದ ಹೊರವಲಯದಲ್ಲಿ ನಿಂತು ನಾಲ್ಕು ದಿಕ್ಕಿಗೆ ಕಣ್ಣು ಹಾಯಿಸಿದವರಿಗೆ ಕಾಡೆನ್ನುವುದು ಕಾಣಿಸುವುದಿಲ್ಲ. ಕಾಣುವುದು ಎರೆಭೂಮಿ, ತೊಗರಿ, ಜೋಳ, ಕಡಲೆ, ನೀರಿದ್ದಲ್ಲಿ ಕಬ್ಬು, ಹಳ್ಳದ ದಂಡೆಗುಂಟ ಬಳ್ಳಾರಿ ಜಾಲಿಯ ಪೊದೆ. ಜಿಲ್ಲೆಯ ಹೆಸರುಳ್ಳ ಅರಣ್ಯವಿರುವುದು ಚಿಂಚೋಳಿಯ ಕಡೆಗೆ. ಮಹಾರಾಷ್ಟ್ರದ ಗಡಿಗೆ ಸಮೀಪದ ಈ ಬಯಲಿಗೂ ಅದಕ್ಕೂ ಬಹಳ ಅಂತರವಿದೆ. ಹಾಗಿದ್ದ ಮೇಲೆ ತೊಗರಿಯ ಚಿಗುರು ಮೇಯುವ ಚಿಗರಿ ಎಲ್ಲಿಂದ ನುಗ್ಗಿತು?

ಅದು ಎಲ್ಲಿಂದಲೂ ನುಗ್ಗಲಿಲ್ಲ, ಅಲ್ಲಿಯೇ ಇತ್ತು. ಪುಸ್ತಕದ ಭಾಷೆಯಲ್ಲಿ ಕೃಷ್ಣಮೃಗವೆನಿಸುವ ಚಿಗರಿ ದಟ್ಟಾರಣ್ಯದ ಪ್ರಾಣಿಯಲ್ಲ, ಹುಲ್ಲುಬಯಲಿನ ಪ್ರಾಣಿ. ದೂರದವರೆಗೆ ನೋಡಬಲ್ಲ ಕಣ್ಣು ಮತ್ತು ಓಡಬಲ್ಲ ಕಾಲುಗಳೇ ಅದರ ರಕ್ಷಣೆ. ಮರಗಳ ಮರೆ ಅದಕ್ಕೆ ಬೇಕಾಗಿಲ್ಲ. ಗಾಯರಾಣ, ಬೀಳುಭೂಮಿ ಮತ್ತು ಹಳ್ಳದ ಇಕ್ಕೆಲಗಳ ಹುಲ್ಲುಗಾವಲು ಅದರ ಮನೆಯಾಗಿದ್ದವು. ಅವು ಒಂದೊಂದಾಗಿ ಸಾಗುವಳಿಗೆ ಬಂದಂತೆ ಚಿಗರಿಯ ಮನೆಯೇ ಹೊಲವಾಯಿತು. ಈ ಸೀಮೆಯ ಆಡುಮಾತಿನಲ್ಲಿ ಊರಾಚೆಯ ಹೊಲ-ಬಯಲಿಗೂ ‘ಅಡವಿ’ ಎನ್ನುವ ರೂಢಿ ಉಂಟು. ಹೊಲಕ್ಕೆ ಹೋದವನನ್ನು ಅಡವಿಗೆ ಹೋಗಿದ್ದಾನೆ ಎನ್ನುವ ಭಾಷೆಗೆ ಹೊಲ ಮತ್ತು ವನ್ಯ ಎರಡು ಬೇರೆ ಬೇರೆ ದೇಶಗಳಲ್ಲ ಎಂಬುದು ತಿಳಿದಿದೆ. ವರದಿಯ ಭಾಷೆ ಆ ತಿಳಿವನ್ನು ಕಳೆದುಕೊಂಡಿದೆ.

ಹಳಗನ್ನಡ ಓದುವ ವಿದ್ಯಾರ್ಥಿಗೆ ಈ ಪ್ರಾಣಿಗಳೆಲ್ಲ ಪರಿಚಿತವೇ. ಪುಲ್ಲೆ ಹುಲ್ಲೆಯಾದದ್ದು, ಪಂದಿ ಹಂದಿಯಾದದ್ದು, ಪಾವು ಹಾವಾದದ್ದು ಪಕಾರ ಹಕಾರವಾದುದಕ್ಕೆ ಕೊಡುವ ಉದಾಹರಣೆಗಳು. ಎರಳೆ, ಸೋಗೆ ಮೊದಲಾದವು ನಿಘಂಟಿನ ನೆರವಿನಿಂದ ಅರ್ಥವಾಗುವ ಪದಗಳು. ಆದರೆ ತರಗತಿಯಲ್ಲಿ ಇವು ಧ್ವನಿವ್ಯತ್ಯಾಸಕ್ಕೆ, ಉಪಮೆಗೆ ಅಥವಾ ಋತುವರ್ಣನೆಗೆ ಸಾಮಗ್ರಿಯಾಗಿ ಉಳಿಯುತ್ತವೆ. ಅದೇ ವಿದ್ಯಾರ್ಥಿಯ ತಂದೆ ಆ ರಾತ್ರಿ ಹಂದಿಯನ್ನು ಕಾಯಲು ಹೊಲದ ಅಟ್ಟದ ಮೇಲೆ ಕುಳಿತಿರಬಹುದು. ಪಠ್ಯದ ಪಂದಿಗೂ ಹೊಲದ ಹಂದಿಗೂ ಸಂಬಂಧವಿದೆಯೆಂದು ಯಾರೂ ಅವನಿಗೆ ಹೇಳುವುದಿಲ್ಲ. ಸಂಬಂಧವಿದೆ ಎಂಬುದು ಈ ಲೇಖನದ ವಾದ. ಜೈನ ಸಾಹಿತ್ಯ ಮತ್ತು ಆಚಾರಗ್ರಂಥಗಳು ರೂಪಿಸಿದ ಗೃಹಸ್ಥಧರ್ಮದ ವಿವೇಕವು ಇಂದಿನ ಹೊಲದ ಬಿಕ್ಕಟ್ಟನ್ನು, ಚಲಾವಣೆಯಲ್ಲಿರುವ ಎರಡು ಸುಲಭ ಉತ್ತರಗಳಿಗಿಂತ ಚೆನ್ನಾಗಿ ಅರ್ಥಮಾಡಿಸುತ್ತದೆ.

ಮೊದಲು ಹೊಲದ ವರ್ಷವನ್ನು ಗಮನಿಸಬೇಕು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಎರಡೆಲೆ ಒಡೆಯುವ ಹೊತ್ತಿಗೆ ಮೊಲ ಮತ್ತು ಚಿಗರಿಗಳ ಬಾಯಿ ಅದರ ಮೇಲಿರುತ್ತದೆ. ಶೇಂಗಾ ಕಾಯಿಕಟ್ಟಿದಾಗ ಹಂದಿಯ ಮೂತಿ ನೆಲವನ್ನು ಅಗೆಯುತ್ತದೆ. ಹಗಲಿಡೀ ಕಬ್ಬಿನ ನೆರಳಲ್ಲೋ ಜಾಲಿಯ ಪೊದೆಯಲ್ಲೋ ಮಲಗಿ ಕತ್ತಲಾದ ಮೇಲೆ ಹೊರಡುವ ಅದನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ತೊಗರಿ ಹೂಬಿಟ್ಟಾಗ ಕಾಯಿಕೊರಕ ಹುಳು ಬರುತ್ತದೆ. ಹಿಂಗಾರಿ ಜೋಳ ತೆನೆಗಟ್ಟಿ ಹಾಲುಕಾಳು ತುಂಬಿದಾಗ ಗಿಳಿ, ಗುಬ್ಬಿಗಳ ಹಿಂಡು ಇಳಿಯುತ್ತದೆ. ನವಿಲು ಬಿತ್ತಿದ ಕಾಳನ್ನೂ ಹೆಕ್ಕುತ್ತದೆ, ಹುಳುವನ್ನೂ ಹೆಕ್ಕುತ್ತದೆ. ಉಳುಮೆಯ ನೆಲದಲ್ಲಿಯೇ ಮೊಟ್ಟೆಯಿಡುವ ಟಿಟ್ಟಿಭ, ನೇಗಿಲು ಸಮೀಪಿಸಿದಾಗ ತಲೆಯ ಮೇಲೆ ಹಾರುತ್ತ ಕೂಗಾಡುತ್ತದೆ; ಸಮುದ್ರದೊಡನೆ ಜಗಳ ತೆಗೆದ ಪಂಚತಂತ್ರದ ಟಿಟ್ಟಿಭವೂ ಇದೇ ಹಕ್ಕಿ. ಮನೆಯ ಹಿತ್ತಲಿನಲ್ಲಿ ಮುಂಗುಸಿ, ಓತಿಕ್ಯಾತ, ಕಣಕಿಯ ಬಣವೆಯಲ್ಲಿ ಹಾವು, ತೊಲೆಯ ಸಂದಿನಲ್ಲಿ ಗುಬ್ಬಿಯ ಗೂಡು. ಜೈನಾಗಮಗಳು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಗೆ ಅನುಸಾರವಾಗಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸುತ್ತವೆ. ಆ ಐದೂ ವರ್ಗಗಳು ಎರಡೆಕರೆ ಎರೆಹೊಲದಲ್ಲಿ ಒಟ್ಟಿಗೆ ಸಿಗುತ್ತವೆ.

ಈ ಸಹವಾಸದಲ್ಲಿ ಒಂದು ವಿಡಂಬನೆ ಅಡಗಿದೆ. ರೈತನು ಹೆಚ್ಚು ದೂರುವ ಎರಡು ಪ್ರಾಣಿಗಳು ಜಿಂಕೆ ಮತ್ತು ಹಂದಿ. ಇಪ್ಪತ್ತನಾಲ್ಕು ತೀರ್ಥಂಕರರ ಲಾಂಛನಗಳ ಪಟ್ಟಿಯಲ್ಲಿ ಹದಿನಾರನೆಯವನಾದ ಶಾಂತಿನಾಥನ ಲಾಂಛನ ಜಿಂಕೆ. ಹದಿಮೂರನೆಯವನಾದ ವಿಮಲನಾಥನ ಲಾಂಛನ ಹಂದಿ. ಬಣವೆಯಲ್ಲಿ ಕಂಡಾಗ ಬಡಿಗೆ ಹುಡುಕುವಂತೆ ಮಾಡುವ ಹಾವು ಪಾರ್ಶ್ವನಾಥನ ಲಾಂಛನ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ದಿಗಂಬರ ಮುನಿಯ ಪಿಂಛಿ ಸಿದ್ಧವಾಗುತ್ತದೆ. ಶಾಂತಿನಾಥನ ಚರಿತೆಯನ್ನು ‘ಶಾಂತಿಪುರಾಣ’ವಾಗಿ ಕನ್ನಡಕ್ಕೆ ಕೊಟ್ಟ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಬಂದದ್ದು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ. ಆ ಅರಸನ ರಾಜಧಾನಿ ಮಾನ್ಯಖೇಟ, ಅಂದರೆ ಕಾಗಿಣಾ ತೀರದ ಇಂದಿನ ಮಳಖೇಡ, ಮಾದನಹಿಪ್ಪರಗಾ ಇರುವ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ಜಿಂಕೆಯನ್ನು ಪೀಠದ ಮೇಲೆ ಕೆತ್ತಿದ ಸಂಸ್ಕೃತಿಯೂ ಜಿಂಕೆಯನ್ನು ಹೊಲದಿಂದ ಅಟ್ಟುವ ಬದುಕೂ ಒಂದೇ ನೆಲದ ಮೇಲೆ ಬೆಳೆದವು. ಇದು ವಿರೋಧಾಭಾಸವೇ? ಹೌದೆಂದು ತೋರುವುದು ಅಹಿಂಸೆಯನ್ನು ಒಂದೇ ಅಳತೆಯ ವಸ್ತುವೆಂದು ತಿಳಿದಾಗ ಮಾತ್ರ.

ಇಂದು ಚಲಾವಣೆಯಲ್ಲಿರುವ ಉತ್ತರಗಳು ಎರಡು. ಪೇಟೆಯ ಕರುಣೆಯದು ಮೊದಲನೆಯದು: ಪ್ರಾಣಿಗಳಿಗೂ ಬದುಕುವ ಹಕ್ಕಿದೆ, ರೈತ ಸಹಿಸಿಕೊಳ್ಳಬೇಕು. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗವೂ, 1963ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲೂ ಒಂದನೆಯ ಅನುಸೂಚಿಯಲ್ಲಿವೆ. ಎರಡನೆಯದು ಸಿಟ್ಟಿನ ಉತ್ತರ: ಇವು ಪೀಡಕಗಳು, ಕೊಲ್ಲಲು ಅನುಮತಿ ಬೇಕು. ಅದಕ್ಕೂ ಕಾಯ್ದೆಯಲ್ಲಿ ಎಡೆಯಿದೆ. 62ನೆಯ ಕಲಮಿನ ಪ್ರಕಾರ ಕೆಲವು ವನ್ಯಪ್ರಾಣಿಗಳನ್ನು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಪೀಡಕವೆಂದು ಕೇಂದ್ರ ಸರ್ಕಾರ ಘೋಷಿಸಬಹುದು. ಮೊದಲ ಉತ್ತರವು ರೈತನನ್ನು ಮುನಿಯೆಂದು ಭಾವಿಸುತ್ತದೆ. ಎರಡನೆಯದು ಪ್ರಾಣಿಯನ್ನು ಕಸವೆಂದು ಭಾವಿಸುತ್ತದೆ. ಎರಡೂ ಹೊಲವನ್ನು ನೋಡುವುದಿಲ್ಲ.

ರೈತನನ್ನು ಮುನಿಯೆಂದು ಭಾವಿಸುವುದು ಶಾಸ್ತ್ರಸಮ್ಮತವಲ್ಲ. ‘ವಡ್ಡಾರಾಧನೆ’ಯ ಮೊದಲ ಕಥೆಯಲ್ಲಿ ಸುಕುಮಾರಸ್ವಾಮಿಯ ದೇಹವನ್ನು ಹೆಣ್ಣುನರಿಯೊಂದು ಮರಿಗಳೊಡನೆ ತಿನ್ನುತ್ತದೆ; ಅವನು ಅಲುಗದೆ ಸಹಿಸುತ್ತಾನೆ. ಕನ್ನಡ ಗದ್ಯದಲ್ಲಿ ಪ್ರಾಣಿ ಮತ್ತು ಮನುಷ್ಯರ ಮುಖಾಮುಖಿಯ ಇದಕ್ಕಿಂತ ಭೀಕರವಾದ, ಇದಕ್ಕಿಂತ ಶಾಂತವಾದ ಚಿತ್ರ ಇನ್ನೊಂದಿಲ್ಲ. ಆದರೆ ಅದು ಸರ್ವಸಂಗಪರಿತ್ಯಾಗ ಮಾಡಿದವನ ಉಪಸರ್ಗಸಹನೆ. ಅವನಿಗೆ ಹೊಲವಿಲ್ಲ, ಸಾಲವಿಲ್ಲ, ಮಕ್ಕಳ ಹಸಿವಿಲ್ಲ. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ ಎಂದು ಆಚಾರಗ್ರಂಥಗಳು ಸ್ಪಷ್ಟವಾಗಿ ಬೇರ್ಪಡಿಸಿದ್ದು ಈ ಕಾರಣಕ್ಕೆ. ಒಬ್ಬನ ಸ್ವಯಂವೃತ ತ್ಯಾಗವನ್ನು ಇನ್ನೊಬ್ಬನ ಮೇಲೆ ಕಂದಾಯದಂತೆ ಹೇರುವುದು ಅಹಿಂಸೆಯ ಪ್ರಸಾರವಲ್ಲ. ಅದು ಅಹಿಂಸೆಯ ಖರ್ಚನ್ನು ಬಡವನ ಲೆಕ್ಕಕ್ಕೆ ಬರೆಯುವ ಕ್ರಮ.

ಗೃಹಸ್ಥನ ಹಿಂಸೆಯನ್ನು ಜೈನ ವಿಚಾರಪರಂಪರೆ ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಗುಡಿಸುವಿಕೆ ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ. ಉಳುಮೆ, ವ್ಯಾಪಾರ ಮೊದಲಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ತನ್ನ ಸ್ವತ್ತನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂಬ ಉದ್ದೇಶದಿಂದ ಕೊಲ್ಲುವುದು ಸಂಕಲ್ಪೀ. ಮೊದಲ ಮೂರನ್ನು ಗೃಹಸ್ಥನು ಆದಷ್ಟು ಕುಗ್ಗಿಸಬೇಕು. ನಾಲ್ಕನೆಯದನ್ನು ಪೂರ್ತಿಯಾಗಿ ಬಿಡಬೇಕು. ಈ ವಿಂಗಡಣೆ ಕೃಷಿಯನ್ನು ತಿರಸ್ಕರಿಸುವುದಿಲ್ಲ. ಆದಿನಾಥನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಇದೆ. ಬೆಳಗಾವಿಯಿಂದ ಸಾಂಗಲಿ, ಕೊಲ್ಹಾಪುರದವರೆಗೆ ಉಳುವ ಜೈನ ಒಕ್ಕಲುಗಳು ಇಂದಿಗೂ ಇವೆ. ಅಹಿಂಸಾಣುವ್ರತಕ್ಕೆ ‘ತತ್ತ್ವಾರ್ಥಸೂತ್ರ’ ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಬಿಗಿದು ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು-ನೀರು ತಪ್ಪಿಸುವುದು ಎಂಬ ಈ ಪಟ್ಟಿ ಕೊಟ್ಟಿಗೆಯನ್ನು ಬಲ್ಲವರು ಕೊಟ್ಟಿಗೆ ಇರುವವರಿಗಾಗಿ ಮಾಡಿದ ಪಟ್ಟಿ.

ಮುನಿಯ ಈರ್ಯಾಸಮಿತಿಯಲ್ಲೂ ಈ ಪರಿಚಯದ ಗುರುತು ಉಳಿದಿದೆ. ನಡೆಯುವಾಗ ಮುನಿಯು ಮುಂದಿನ ನೆಲವನ್ನು ನಾಲ್ಕು ಮೊಳದಷ್ಟು ದೂರ ನೋಡುತ್ತ ಹೆಜ್ಜೆಯಿಡಬೇಕು. ಆ ಅಳತೆಗೆ ಶಾಸ್ತ್ರದ ಹೆಸರು ಯುಗ, ಅಂದರೆ ನೊಗ. ನೆಲದ ಮೇಲಿನ ಜೀವಿಯನ್ನು ತುಳಿಯದಂತೆ ನೋಡುವ ದೃಷ್ಟಿಗೆ ಅಳತೆಗೋಲು ಸಿಕ್ಕಿದ್ದು ಎತ್ತಿನ ಹೆಗಲ ಮೇಲೆ.

ಈ ನಾಲ್ಕು ಬಗೆಯನ್ನು ಹೊಲದ ಬದುವಿನ ಮೇಲಿಟ್ಟು ನೋಡಿದರೆ, ‘ಮಾನವ-ವನ್ಯಜೀವಿ ಸಂಘರ್ಷ’ವೆಂಬ ಒಂದೇ ಹಣೆಪಟ್ಟಿಯಡಿ ಮರೆಯಾದ ಭೇದಗಳು ಸ್ಪಷ್ಟವಾಗುತ್ತವೆ. ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬೆಯ ಸಾಲು ಬಿತ್ತುವುದು ಉತ್ತರ ಕರ್ನಾಟಕದ ಹಳೆಯ ಕ್ರಮ. ಅದು ಬೆಳೆಯೂ ಹೌದು, ಬೇಲಿಯೂ ಹೌದು. ಅಟ್ಟದ ಮೇಲೆ ಕುಳಿತು ಕೂಗು ಹಾಕುವುದು, ಕವಣೆ ಬೀಸುವುದು, ತಗಡು ಬಡಿಯುವುದು, ಬೆದರುಗೊಂಬೆ ನಿಲ್ಲಿಸುವುದು, ಹಳೆಯ ಸೀರೆಗಳನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವುದು — ಇವೆಲ್ಲ ವಿರೋಧೀ ವರ್ಗಕ್ಕೆ ಸೇರುತ್ತವೆ. ಇವುಗಳ ಉದ್ದೇಶ ಅಟ್ಟುವುದು, ಕೊಲ್ಲುವುದಲ್ಲ. ಹೊಲದ ಸುತ್ತ ಗಾಳಿಗೆ ಬಡಿದಾಡುವ ಹಳೆ ಸೀರೆಯ ಬೇಲಿಯಷ್ಟು ಸೌಮ್ಯವಾದ ಯುದ್ಧಸಾಧನ ಬೇರೊಂದು ಸಿಗಲಾರದು. ಕ್ಷಣಮಾತ್ರ ಬಡಿದು ಬೆದರಿಸುವ ಸೌರಬೇಲಿಯೂ ಇದೇ ಸಾಲಿಗೆ ಬರಬಲ್ಲದು.

ಇದರಾಚೆಗೆ ಬೇರೆಯೇ ಜಾತಿಯ ಸಾಧನಗಳಿವೆ. ಕಂಬದ ಲೈನಿನಿಂದ ನೇರವಾಗಿ ವಿದ್ಯುತ್ ಎಳೆದು ಬದುವಿನ ತಂತಿಗೆ ಹರಿಸುವುದು ಒಂದು, ತಿನಿಸಿನಲ್ಲಿ ಸಿಡಿಮದ್ದು ಹುದುಗಿಸಿಡುವುದು ಇನ್ನೊಂದು, ಉರುಳು ಮತ್ತೊಂದು. ಇವು ಕಾನೂನುಬಾಹಿರ ಎಂಬುದು ಎಲ್ಲರಿಗೂ ಗೊತ್ತು. ಇವು ಅಧರ್ಮವೇಕೆ ಎಂಬುದನ್ನು ಹೇಳಲು ಕಾನೂನು ಸಾಲದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾತಿ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸುತ್ತಾನೆ: ಎಚ್ಚರವಿಲ್ಲದ, ಕಷಾಯಪೀಡಿತವಾದ ಪ್ರವೃತ್ತಿಯಿಂದ ಆಗುವ ಪ್ರಾಣಹರಣವೇ ಹಿಂಸೆ. ಅಟ್ಟದ ಮೇಲಿನ ಕಾವಲಿಗೆ ಕಣ್ಣಿದೆ. ಬಂದದ್ದು ಹಂದಿಯೋ, ಪಕ್ಕದ ಹೊಲದ ಎಮ್ಮೆಯೋ, ನೀರು ತಿರುಗಿಸಲು ಬಂದ ನೆರೆಯವನೋ ಎಂದು ಅದು ನೋಡುತ್ತದೆ. ತಂತಿಗೆ ಕಣ್ಣಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಇಂಥ ತಂತಿಗೆ ಪ್ರಾಣಿಗಳೊಡನೆ ಮನುಷ್ಯರೂ, ಕೆಲವೊಮ್ಮೆ ತಂತಿ ಕಟ್ಟಿದವನ ಮನೆಯವರೇ ಸತ್ತಿರುವುದು ಈ ಪ್ರಮಾದದ ಫಲ. ಸಿಡಿಮದ್ದಾದರೋ ಸಂಕಲ್ಪ ಮತ್ತು ಪ್ರಮಾದ ಎರಡರ ಸಂಯೋಗ: ಕೊಲ್ಲುವ ಇಚ್ಛೆ ಇದೆ, ಯಾರನ್ನು ಕೊಲ್ಲುತ್ತಿದೆ ಎಂಬ ನೋಟವಿಲ್ಲ. ಹೊಲವನ್ನು ಕಾಯುವುದಕ್ಕೂ ಹೊಲದಲ್ಲಿ ಕೊಲ್ಲುವುದಕ್ಕೂ ಇರುವ ಗಡಿ ಇಲ್ಲಿದೆ.

ಸಂಕಲ್ಪಕ್ಕೆ ಇಷ್ಟು ತೂಕವೇಕೆ ಎಂದು ಕೇಳುವವರಿಗೆ ಕನ್ನಡದ ಉತ್ತರ ಜನ್ನನ ‘ಯಶೋಧರ ಚರಿತೆ’. 1209ರ ಈ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಡುವುದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಮುಂತಾದ ಜನ್ಮಗಳಲ್ಲಿ ತೊಳಲುತ್ತಾರೆ. ಈ ಕಥೆಗೂ ಕಲಬುರಗಿಯ ನೆಲಕ್ಕೂ ಹಳೆಯ ನಂಟಿದೆ. ಜನ್ನನಿಗಿಂತ ಮುಂಚೆ, ಹತ್ತನೆಯ ಶತಮಾನದಲ್ಲಿ, ಪುಷ್ಪದಂತನು ಇದನ್ನು ‘ಜಸಹರಚರಿಉ’ ಎಂಬ ಅಪಭ್ರಂಶ ಕಾವ್ಯವಾಗಿ ಬರೆದದ್ದು ಮಾನ್ಯಖೇಟದಲ್ಲಿ. ವಿಮರ್ಶೆಯು ಈ ಜನ್ಮಪರಂಪರೆಯನ್ನು ಕರ್ಮಸಿದ್ಧಾಂತದ ದೃಷ್ಟಾಂತವೆಂದಷ್ಟೇ ಓದುವುದು ವಾಡಿಕೆ. ಅದು ಕಲ್ಪನಾಶಿಕ್ಷಣವೂ ಹೌದು. ಕೊಂದವನು ಕೊಲ್ಲಲ್ಪಡುವ ಪ್ರಾಣಿಯ ಚರ್ಮದೊಳಗೆ ಹೊಕ್ಕು ಜಗತ್ತನ್ನು ನೋಡಬೇಕಾಗುತ್ತದೆ. ಯಾವುದು ಪೀಡಕ, ಯಾವುದು ಪೂಜ್ಯ ಎಂಬ ಪಟ್ಟಿ ಅಲ್ಲಿ ನಿಲ್ಲುವುದಿಲ್ಲ; ಹಾವೂ ಒಂದು ಕಾಲಕ್ಕೆ ಅರಸನಾಗಿತ್ತು ಅಥವಾ ಅರಸನ ತಾಯಿಯಾಗಿತ್ತು.

ಇಲ್ಲಿ ಒಂದು ಪ್ರಬಲ ಆಕ್ಷೇಪವನ್ನು ಎದುರಿಸಬೇಕು. ಕಣ್ಣಿರುವ ಕಾವಲೇ ಧರ್ಮವಾದರೆ ಆ ಕಣ್ಣು ಯಾರದು? ರಾತ್ರಿಯಿಡೀ ಎಚ್ಚರವಿದ್ದು ಹಗಲು ದುಡಿಯಬೇಕಾದವನದು. ಮನೆಯಲ್ಲಿ ಆಳುಮಕ್ಕಳು ತುಂಬಿದ್ದ ಕಾಲದಲ್ಲಿ ಸರದಿಯ ಮೇಲೆ ನಡೆಯುತ್ತಿದ್ದ ಕಾವಲು, ಮಕ್ಕಳು ಪುಣೆ, ಮುಂಬಯಿ, ಬೆಂಗಳೂರು ಸೇರಿದ ಮೇಲೆ ಐವತ್ತು ದಾಟಿದ ಒಬ್ಬನ ಮೇಲೆ ಬಿದ್ದಿದೆ. ಅವನು ತಂತಿಗೆ ಕೈಹಾಕುವುದು ಕ್ರೌರ್ಯದಿಂದಲ್ಲ, ನಿದ್ದೆಗೆಟ್ಟು. ಆಕ್ಷೇಪ ನ್ಯಾಯವಾದುದು. ಆದ್ದರಿಂದಲೇ ಗೃಹಸ್ಥನ ಅಹಿಂಸೆಯನ್ನು ಗೃಹಸ್ಥನೊಬ್ಬನ ಹೊಣೆಯೆಂದು ಬಿಡಲಾಗದು.

ಎಳ್ಳ ಅಮಾವಾಸ್ಯೆಯ ಆಚರಣೆ ಈ ವಿಷಯದಲ್ಲಿ ಬೆಳಕು ಚೆಲ್ಲುತ್ತದೆ. ಕಲಬುರಗಿ ಸೀಮೆಯಲ್ಲಿ ಅಂದು ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ, ಕಡಬು, ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಪೂಜೆ ಸಲ್ಲಿಸಿ ಅಡುಗೆಯ ಒಂದು ಪಾಲನ್ನು ಬೆಳೆಯ ನಡುವೆ ಚರಗವಾಗಿ ಚೆಲ್ಲುತ್ತಾರೆ. ಆ ಅನ್ನವನ್ನು ಅರಸಿ ಬರುವ ಹಕ್ಕಿಗಳು ಕಾಯಿಕೊರಕವನ್ನೂ ಹೆಕ್ಕುತ್ತವೆ ಎಂಬ ವಿವರಣೆ ಇದೆ. ಅದು ಸರಿಯೇ ಇರಬಹುದು. ಆದರೆ ಚರಗದ ತಿರುಳು ಲಾಭದ ಲೆಕ್ಕವಲ್ಲ. ಹೊಲದಲ್ಲಿ ತನ್ನದಲ್ಲದ ಒಂದು ಪಾಲಿದೆ ಎಂದು ಒಕ್ಕಲಿಗನು ಕೈಯಾರೆ ಒಪ್ಪಿಕೊಳ್ಳುವ ಕ್ರಿಯೆ ಅದು. ಇಲ್ಲಿ ‘ಕೈಯಾರೆ’ ಎಂಬುದೇ ಮುಖ್ಯ. ದಾನವಾಗುವುದು ಕೊಡುವವನು ಕೊಟ್ಟಾಗ. ಒಂದು ರಾತ್ರಿಯಲ್ಲಿ ಹಂದಿಗಳ ಹಿಂಡು ಅಗೆದುಹಾಕಿದ ಶೇಂಗಾದ ಸಾಲು ಚರಗವಲ್ಲ, ನಷ್ಟ. ನಷ್ಟವನ್ನು ದಾನವೆಂದು ಕರೆದು ಸಮಾಧಾನ ಹೇಳುವವರು ಚರಗದ ಅರ್ಥವನ್ನೂ ಕೆಡಿಸುತ್ತಾರೆ.

ಚಿಗರಿ ಉಳಿಯಬೇಕೆಂಬುದು ನಾಡಿನ ಸಂಕಲ್ಪವಾದರೆ ಅದರ ಮೇವಿನ ಖರ್ಚೂ ನಾಡಿನದಾಗಬೇಕು. ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರವಿದೆ. ಪರಿಹಾರವು ಭಿಕ್ಷೆಯಲ್ಲ, ನಾಡಿನ ಪರವಾಗಿ ಪ್ರಾಣಿಯನ್ನು ಸಾಕಿದವನಿಗೆ ಸಲ್ಲಬೇಕಾದ ಬಾಕಿ ಎಂಬ ಭಾವನೆ ಬಂದಾಗ ಅದರ ವಿಳಂಬವೂ ತಪ್ಪಾಗಿ ಕಾಣುತ್ತದೆ. ಪಹಣಿ ಒಬ್ಬರ ಹೆಸರಿನಲ್ಲಿದ್ದು, ಲಾವಣಿಗೆ ಹಿಡಿದೋ ಪಾಲಿಗೆ ಮಾಡಿಯೋ ಬೆವರು ಸುರಿಸುವವನು ಇನ್ನೊಬ್ಬನಾಗಿರುವಲ್ಲಿ ಹಣ ಯಾರ ಕೈಸೇರಬೇಕೆಂಬ ಪ್ರಶ್ನೆಯೂ ಇದೆ. ಗಾಯರಾಣಗಳು ಉಳಿದಿರುವಲ್ಲಿ ಅವನ್ನು ಉಳಿಸುವುದು ಪರಿಹಾರಕ್ಕಿಂತ ಹೆಚ್ಚಿನ ಪರಿಹಾರ. ಹಳ್ಳದ ದಂಡೆಯ ಬಳ್ಳಾರಿ ಜಾಲಿಯನ್ನು ತೆಗೆದು ಹುಲ್ಲು ಬರಗೊಟ್ಟರೆ ಚಿಗರಿಗೆ ಮೇವು ದೊರೆತೀತು, ಹಂದಿಗೆ ಅಡಗುತಾಣ ತಪ್ಪೀತು.

ಪೀಡಕವೆಂಬ ಪದ ಬಳಸುವ ಮುನ್ನ ನೆನೆಯಬೇಕಾದ ಹಕ್ಕಿಯೊಂದಿದೆ. ಕನ್ನಡದಲ್ಲಿ ಎರೆಭೂತವೆಂದು ಕರೆಸಿಕೊಳ್ಳುವ ದೊಡ್ಡ ಹಕ್ಕಿಯ ಹೆಸರಿನಲ್ಲಿಯೇ ಈ ಕಪ್ಪುನೆಲ, ಎರೆ, ಇದೆ. ಅದಕ್ಕಾಗಿ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜ್‌ನಲ್ಲಿ 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಇಂದು ಅದು ವಿನಾಶದ ಅಂಚಿನಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಎರೆಭೂತದ ಹಾವಳಿ ಎಂಬ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬೆಳೆ ತಿನ್ನುವುದು ಸುದ್ದಿಯಾಗುತ್ತದೆ; ಬಯಲು ಕಳೆದುಕೊಂಡು ಇಲ್ಲವಾಗುವುದು ಸುದ್ದಿಯಾಗುವುದಿಲ್ಲ. ಹಾವಳಿ ಎಂದು ದೂರಲು ಒಂದು ಪ್ರಾಣಿ ಇನ್ನೂ ಇದೆ ಎಂಬುದೇ ಆ ಬಯಲಿನಲ್ಲಿ ಜೀವ ಉಳಿದಿರುವುದಕ್ಕೆ ಸಾಕ್ಷಿ.

ಸಾಹಿತ್ಯದ ವಿದ್ಯಾರ್ಥಿ ಮತ್ತು ಸಂಶೋಧಕರ ಪಾಲಿನ ಕೆಲಸವೂ ಇದರಲ್ಲಿದೆ. ಹೊಲ ಕಾಯುವ ಕೂಗುಗಳು, ಪ್ರಾಣಿಗಳ ಸ್ಥಳೀಯ ಹೆಸರುಗಳು, ಬೇಲಿ-ಬಲೆಗಳ ಪರಿಭಾಷೆ, ಚರಗದ ಹಾಡುಗಳು ಇವೆಲ್ಲ ಅಟ್ಟದ ಮೇಲೆ ಕುಳಿತ ಕೊನೆಯ ತಲೆಮಾರಿನೊಡನೆ ಮರೆಯಾಗುತ್ತಿವೆ. ಇವನ್ನು ಕೇಳಿ ಬರೆದುಕೊಳ್ಳುವುದು ಜಾನಪದ ಸಂಗ್ರಹಕ್ಕೆ ಮಾತ್ರವಲ್ಲ, ಹಳಗನ್ನಡ ಕಾವ್ಯದ ಓದಿಗೂ ಬೇಕಾದ ಕೆಲಸ. ಪುಲ್ಲೆ ಎಂಬ ಪದಕ್ಕೆ ಟಿಪ್ಪಣಿ ಬರೆಯುವವನು ಚಿಗರಿಯ ಹಿಂಡು ಕಡಲೆಯ ಹೊಲ ದಾಟುವುದನ್ನು ಒಮ್ಮೆ ನೋಡಿರಬೇಕು, ಅದನ್ನು ಅಟ್ಟುವವನ ಮಾತನ್ನೂ ಕೇಳಿರಬೇಕು. ಆಗ ಶಾಂತಿನಾಥನ ಪೀಠದ ಜಿಂಕೆ ಪರೀಕ್ಷೆಗೆ ಕಂಠಪಾಠ ಮಾಡಿದ ಪಟ್ಟಿಯಿಂದ ಇಳಿದು ಬರುತ್ತದೆ. ಅದನ್ನು ಕೆತ್ತಿಸಿದವರಿಗೂ ಹೊಲಗಳಿದ್ದವು, ಬೆಳೆ ಮೇಯುವ ಜಿಂಕೆಗಳೂ ಇದ್ದವು ಎಂಬುದು ಹೊಳೆಯುತ್ತದೆ. ಜಿಂಕೆಯಿಂದ ತೊಂದರೆಯೇ ಇಲ್ಲದವರ ಕರುಣೆ ಅಗ್ಗ. ಅದನ್ನು ಹೊಲದಿಂದ ಅಟ್ಟಿಯೂ ಕೊಲ್ಲದೆ ಬಿಟ್ಟವರ ಕರುಣೆಗೆ ಬೆಲೆಯಿದೆ. ಆ ಬೆಲೆಯನ್ನು ಅವರೊಬ್ಬರೇ ತೆರುವಂತಾಗಬಾರದು.